ಅಡ್ಡಿ ಇಲ್ಲ

ಧಾರವಾಡದ ಸಪ್ತಾಪುರದಲ್ಲಿ ಬೆಳಗಿನ ಚಾ ಅಂದರೆ ಪುಸ್ತಕದ ಜೊತೆಗೇ ಕುಡಿಯುವ ಚಾ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದ ಹುಡುಗ ಹುಡುಗಿಯರು ರೂಮು ಮಾಡಿಕೊಂಡಿರುವ ಓಣಿಗಳವು. ಕೋಚಿಂಗ್ ಕ್ಲಾಸು, ಝೆರಾಕ್ಸ್ ಅಂಗಡಿ, ಖಾನಾವಳಿ, ಮತ್ತೆ ಕೋಚಿಂಗ್ ಕ್ಲಾಸು. ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಕೇಳುತ್ತಾರಾದ್ದರಿಂದ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಗೈಡು. ಅಂಥವರ ಪಕ್ಕ ನಿಂತು ಮಾತು ಕೇಳುವುದೆಂದರೆ ನನಗೆ ಬಲು ಪ್ರೀತಿ.

"ಪೀಸ್ ಆಫ್ ಕೇಕ್?"

"ಬಾಳಿಹಣ್ಣು ಸುಲದಂಗ."

"ಬೀಟ್ ಅರೌಂಡ್ ದ ಬುಷ್?"

"ಸುತ್ತೀ ಬಳಸೀ ಮಾತಾಡೂದು. ನಿಮ್ಮ ಕಾಕಾ ರೊಕ್ಕಾ ಕೇಳಾಕ ಬಂದಾಗ ಮಾತಾಡ್ತಾನಲ್ಲ, ಹಂಗ."

"ಕಿಕ್ ದ ಬಕೆಟ್?"

"ಟಿಕೆಟ್ ತಗೊಳ್ಳೂದಲೇ."

ಗೈಡಿನಲ್ಲಿ ಇದ್ದದ್ದು 'ಸಾಯುವುದು' ಎಂದಷ್ಟೇ. ಹುಡುಗನ ಉತ್ತರ ಗೈಡಿಗಿಂತ ಸರಿ. 'ತೀರಿಕೊಂಡರು' ಅಂದರೆ ಗೌರವ, 'ಲಿಂಗೈಕ್ಯರಾದರು' ಅಂದರೆ ಭಕ್ತಿ. 'ಗೊಟಕ್ ಅಂದ', 'ಟಿಕೆಟ್ ತಗೊಂಡ' ಇವೆಲ್ಲ ಕಟ್ಟೆಯ ಮೇಲಿನ ಸಲುಗೆ. ಇಂಗ್ಲಿಷರ ಬಕೆಟ್ಟೂ ಕಟ್ಟೆಯದೇ, ದುಃಖದ ಮನೆಯಲ್ಲಿ ಆಡುವ ಮಾತಲ್ಲ. ಯಾವ ಮಾತು ಎಲ್ಲಿ ಸಲ್ಲುತ್ತದೆ ಎಂಬ ಈ ತಿಳಿವಳಿಕೆ ಗೈಡು ಉರು ಹೊಡೆದರೆ ಬರುವುದಿಲ್ಲ, ಆ ಹುಡುಗನಿಗೆ ಅದು ತನ್ನ ಊರಿನಿಂದ ಬಂದಿತ್ತು.

ಆ ಬಕೆಟ್ಟನ್ನು ನಿಘಂಟಿಗೆ ತಂದವನು ಫ್ರಾನ್ಸಿಸ್ ಗ್ರೋಸ್. ಸಿಪಾಯಿಗಳ, ಹಡಗಿನವರ, ಲಂಡನ್ನಿನ ಬೀದಿಯವರ ಬಾಯಲ್ಲಿದ್ದ ಮಾತುಗಳನ್ನು ಕೂಡಿಸಿ 1785ರಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ಮೂವತ್ತು ವರ್ಷ ಮೊದಲೇ ಜಾನ್ಸನ್ನನ ಘನವಾದ ನಿಘಂಟು ಬಂದಾಗಿತ್ತು. ಆದರೂ ಬೀದಿಯ ಮಾತಿಗೆ ಬೇರೆಯೇ ಪುಸ್ತಕ ಬೇಕೆಂದು ಗ್ರೋಸನಿಗೆ ಅನ್ನಿಸಿತು. ನಮ್ಮಲ್ಲಿ 1894ರ ಕಿಟೆಲ್ ಕೋಶ ಈ ಸೀಮೆಯ ಮಾತುಗಳಿಗೆ ಬೇರೆ ಗುರುತನ್ನೇ ಹಾಕಿದೆ. ಆಗ ಇದು ಮುಂಬಯಿ ಪ್ರಾಂತ್ಯದ ದಕ್ಷಿಣ ಮರಾಠಾ ಸೀಮೆ. ಖರೆ, ಲಗೂ, ಉಸಾಬರಿ ಎಲ್ಲ ಮರಾಠಿಯ ಒಡನಾಟದಲ್ಲಿ ಬಂದು ಇಲ್ಲಿಯವೇ ಆದವು. ಅವುಗಳ ಹಿಂದೆಯೇ ಇಂಗ್ಲಿಷೂ ಬಂತು, ರೈಲು ಹತ್ತಿ.

ಹುಬ್ಬಳ್ಳಿ ಸದರ್ನ್ ಮರಾಠಾ ರೈಲ್ವೆಯ ಕಾಲದಿಂದಲೂ ರೈಲಿನ ಊರು. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲೇ. ಎರಡು ಸ್ಟೇಷನ್ನುಗಳ ನಡುವೆ ಬೇರೆ ಗಾಡಿ ಇಲ್ಲವೆಂದು ಮುಂದಿನ ಸ್ಟೇಷನ್ನು ಒಪ್ಪಿಗೆ ಕೊಟ್ಟ ಮೇಲೆಯೇ ಹಿಂದಿನವರು ಗಾಡಿ ಬಿಡುತ್ತಾರೆ. ಆ ಒಪ್ಪಿಗೆಯೇ ಲೈನ್ ಕ್ಲಿಯರ್. ರೈಲ್ವೆಯಲ್ಲಿ ದುಡಿಯದವರೂ ಈಗ ಆ ಮಾತು ಆಡುತ್ತಾರೆ. ಸಾಲದ ಅರ್ಜಿಗೆ ಸಾಹೇಬರು ಸಹಿ ಹಾಕಿದರೆ ಲೈನ್ ಕ್ಲಿಯರ್, ಅಪ್ಪ ಊರಿಗೆ ಹೋದರೆ ಸಿನೆಮಾಕ್ಕೆ ಹೊರಟ ಮಗನಿಗೂ ಲೈನ್ ಕ್ಲಿಯರ್.

ಇಂಗ್ಲಿಷ್ ಪದ ಇಲ್ಲಿ ಬಾಳಬೇಕಾದರೆ ಒಂದು ಕನ್ನಡ ಕ್ರಿಯಾಪದದ ಕೈ ಹಿಡಿಯಬೇಕು. ಹುಬ್ಬಳ್ಳಿಯಲ್ಲಿ ಎಲ್ಲಕ್ಕೂ ಮುಂದೆ ನಿಲ್ಲುವುದು 'ಹೊಡಿ'. ಬೋರ್ ಹೊಡಿತೈತಿ, ಕಾಪಿ ಹೊಡದಾನ, ದುರ್ಗದಬೈಲಿಗೆ ಒಂದು ರೌಂಡ್ ಹೊಡದ ಬರೂಣು. ಯಾರಿಗೂ ಪೆಟ್ಟಾಗದ ಹೊಡೆತಗಳಿವು. 'ಫಿಟಿಂಗ್ ಇಟ್ಟ' ಅಂದರೆ ನಳ ಜೋಡಿಸಿದ ಅಂತಲ್ಲ, ಇಬ್ಬರ ನಡುವೆ ಹಚ್ಚಿಕೊಟ್ಟು ತಾನು ದೂರ ಸರಿದು ನಿಂತ ಅಂತ. 'ಕ್ಲಾಸ್ ತಗೊಂಡ್ರು' ಅಂದರೆ ಚೆನ್ನಾಗಿ ಬೈದರು. ಕನ್ನಡ ಕೆಟ್ಟಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ; ವಾಕ್ಯವನ್ನು ನಡೆಸುವುದು ಕನ್ನಡವೇ. ಬಂದ ಪದಕ್ಕೆ 'ರೀ' ಹಚ್ಚಿ ಮರ್ಯಾದೆ ಕಲಿಸುವುದೂ ಅದೇ. ಸಾರೀ ರೀ, ಥ್ಯಾಂಕ್ಸ್ ರೀ ಎಂಬಲ್ಲಿರುವ ಸೌಜನ್ಯ ಬರೀ ಸಾರಿಯಲ್ಲಿ ನನಗೆ ಕೇಳಿಸುವುದಿಲ್ಲ.

ನನ್ನ ಸಂಕಟ ಬೇರೆ. ಚಾ ಅಂಗಡಿಯಲ್ಲಿ ಅಷ್ಟು ಸೊಗಸಾಗಿ ಅರ್ಥ ಹೇಳುವ ಹುಡುಗರು ಇಂಟರ್‌ವ್ಯೂ ಎಂದ ಕೂಡಲೇ ತಮ್ಮ ಮಾತನ್ನು ಮುಚ್ಚಿಡುತ್ತಾರೆ. ಬಕೆಟ್ಟಿಗೆ ಅಂಕವಿದೆ, ಟಿಕೆಟ್ಟಿಗಿಲ್ಲ. ಧಾರವಾಡದ ಆಡುಮಾತಿನ ಸಾಮಾಜಿಕ ಭೇದಗಳ ಮೇಲೆ ವಿಲಿಯಂ ಮೆಕ್‌ಕಾರ್ಮ್ಯಾಕ್ ಎಂಬ ವಿದ್ವಾಂಸರು 1960ರಲ್ಲೇ ಲೇಖನ ಬರೆದರು. ಒಬ್ಬರು 'ಅದ' ಅನ್ನುವಲ್ಲಿ ಇನ್ನೊಬ್ಬರು 'ಐತಿ' ಅನ್ನುವುದು ಹೊರಗಿನವರಿಗೆ ಅಷ್ಟು ದೊಡ್ಡ ವಿಷಯವಾಗಿ ಕಂಡಿತು. ಗ್ರೋಸನಂತೆ ನೋಟ್‌ಬುಕ್ ಹಿಡಿದು ರಾತ್ರಿ ದುರ್ಗದಬೈಲಿನಲ್ಲಿ, ಗಿರ್ಮಿಟ್ಟಿನ ಗಾಡಿಯ ಪಕ್ಕ ನಿಲ್ಲುವವರು ಇಲ್ಲಿಯ ಮಕ್ಕಳಲ್ಲೇ ಹುಟ್ಟಬೇಕು.

ಅಂಥವರು ಕೇಳಿದರೆ, ಮೊದಲು 'ಅಡ್ಡಿ ಇಲ್ಲ' ಬರೆದುಕೊಳ್ಳಿ ಎನ್ನುತ್ತೇನೆ. ಊಟ ಹೇಗಿತ್ತು ಎಂದು ಕೇಳಿದಾಗ ಈ ಮಾತು ಚುಟುಕಾಗಿ ಬಂದರೆ ಊಟ ಸಾಧಾರಣ. 'ಅಡ್ಡೀ ಇಲ್ಲಾ' ಎಂದು ಎಳೆದು, ತಲೆಯನ್ನು ತುಸು ವಾಲಿಸಿದರೆ ಅದು ಬಾಯ್ತುಂಬ ಹೊಗಳಿಕೆ; ಇಲ್ಲಿಯವರು ಅದಕ್ಕಿಂತ ಹೆಚ್ಚು ಹೊಗಳುವುದು ಕಡಿಮೆ. ಚಿಲ್ಲರೆ ಸಾಲದಿದ್ದಾಗ ಕಿರಾಣಿ ಅಂಗಡಿಯವರು 'ಅಡ್ಡಿ ಇಲ್ಲ ಬಿಡ್ರಿ' ಅಂದರೆ ನಾಳೆ ಕೊಟ್ಟರಾಯಿತು. ಇನ್ನು ಹೆಣ್ಣು ನೋಡಲು ಹೋದ ಹಿರಿಯರು ಮನೆಗೆ ಬಂದು, ಕಾಲು ತೊಳೆದು, ಪಂಚೆಯಿಂದ ಮುಖ ಒರೆಸಿಕೊಳ್ಳುತ್ತ 'ಅಡ್ಡಿ ಇಲ್ಲ' ಅಂದರೋ, ಅಜ್ಜಿ ಆಗಲೇ ಪಂಚಾಂಗ ತೆಗೆಸುತ್ತಾಳೆ.