ಹನ್ನೆರಡನೇ ಗೆಣ್ಣು

ಫೆಬ್ರವರಿ 17, 2025, ಸೋಮವಾರ. ಮೆಹಸಾಣಾ

ಸುಗ್ಗಿ ಜೋರಾಗಿದೆ. ಗೇಟಿನ ಹೊರಗೆ ಹರಳೆಣ್ಣೆ ಟ್ಯಾಂಕರುಗಳ ಸಾಲು ಹೆದ್ದಾರಿಯವರೆಗೆ ಬಂದಿದೆ. ಬೆಳಗಿನಿಂದ ಹನ್ನೊಂದು ಸ್ಯಾಂಪಲ್ ನೋಡಿದೆ. ಎಣ್ಣೆ ಎಷ್ಟು ಹುಳಿಯಾಗಿದೆ ಎಂದು ಹೇಳುವ ಆಸಿಡ್ ವ್ಯಾಲ್ಯೂ ಎರಡರಲ್ಲಿ 2 ದಾಟಿತ್ತು, ವಾಪಸ್. ಒಬ್ಬ ಡ್ರೈವರ್ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ನಿಂತಿದ್ದ. ಅವನ ಬೆನ್ನ ಹಿಂದೆ ಟ್ಯಾಂಕರ್ ತುಂಬ ಅದೇ ಎಣ್ಣೆ.

ಇಲ್ಲಿನವರು ಇದನ್ನು ದಿವೇಲ್ ಅನ್ನುತ್ತಾರೆ, ದೀಪದ ಎಣ್ಣೆ. ನಮ್ಮ ಕಡೆ ಹರಳು ಅಂದರೆ ರಾಗಿ ಹೊಲದ ಅಕ್ಕಡಿ ಸಾಲು. ಅವರೆ, ಜೋಳದ ಜೊತೆ ನಾಲ್ಕು ಗಿಡ. ಮನೆಯ ತಲೆಗಳಿಗೆ, ಎತ್ತಿನ ಗಾಡಿಯ ಕೀಲಿಗೆ ಸಾಕಾಗುವಷ್ಟು. ಇಲ್ಲಿ ಕಣ್ಣು ಹಾಯುವಷ್ಟು ದೂರ ಅದೊಂದೇ ಬೆಳೆ. 1968ರಲ್ಲಿ ಗುಜರಾತಿನಲ್ಲಿ ಬಿಡುಗಡೆಯಾದ ಜಿಸಿಎಚ್-3 ಹರಳಿನ ಮೊದಲ ಹೈಬ್ರಿಡ್ ತಳಿ. ಅಲ್ಲಿಂದ ಹಿಡಿದ ದಾರಿ ಇದು. ಜಗತ್ತಿನ ಹರಳೆಣ್ಣೆಯ ಬಹುಪಾಲು ನಮ್ಮ ದೇಶದ್ದು, ದೇಶದ್ದರಲ್ಲಿ ಬಹುಪಾಲು ಈ ರಾಜ್ಯದ್ದು. ಚಳ್ಳಕೆರೆ ಸೀಮೆಯ ನಾನು ಕಡಲೆಕಾಯಿ ಎಣ್ಣೆಯ ಊರು ಬಿಟ್ಟು ಹರಳೆಣ್ಣೆಯ ಊರಿಗೆ ಬಂದು ಬಿದ್ದಿದ್ದೇನೆ.

ಫೆಬ್ರವರಿ 20, ಗುರುವಾರ

ಹೊಸ ಟ್ರೈನೀ ಹುಡುಗಿ ಕೇಳಿದಳು, “ಸರ್, ನಾವು ಹರಳೆಣ್ಣೆಯಿಂದ ಮಾಡುವ ಸೆಬಾಸಿಕ್ ಆಸಿಡ್ ಕಡಲೆಕಾಯಿ ಎಣ್ಣೆಯಿಂದ ಯಾಕೆ ಮಾಡಬಾರದು?” ಎಷ್ಟೋ ಜನ ವರ್ಷಗಟ್ಟಲೆ ಇಲ್ಲಿ ಕೆಲಸ ಮಾಡಿದರೂ ಕೇಳದ ಪ್ರಶ್ನೆ.

ಬೋರ್ಡಿನ ಮೇಲೆ ಕಬ್ಬಿನ ಜಲ್ಲೆ ಬರೆದೆ, ಹದಿನೆಂಟು ಗೆಣ್ಣಿನದು. ಎಣ್ಣೆಯ ಕೊಬ್ಬಿನಾಮ್ಲ ಎಂದರೆ ಹೆಚ್ಚುಕಡಿಮೆ ಇದೇ, ಇಂಗಾಲದ ಸರಪಳಿ. ಕಡಲೆಕಾಯಿ ಎಣ್ಣೆಯ ಜಲ್ಲೆಯಲ್ಲಿ ಒಂದೋ ಎರಡೋ ಜೋಡಿಬಂಧ ಬಿಟ್ಟರೆ ಹಿಡಿಯಲು ಹಿಡಿಕೆಯೇ ಇಲ್ಲ. ಹರಳೆಣ್ಣೆಯಲ್ಲಿ ನೂರಕ್ಕೆ ಎಂಬತ್ತೈದರಿಂದ ತೊಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಅದಕ್ಕೆ ಒಂಬತ್ತನೇ ಗೆಣ್ಣಿನ ಬಳಿ ಜೋಡಿಬಂಧ, ಹನ್ನೆರಡನೇ ಗೆಣ್ಣಿಗೆ ಒಂದು ಹೈಡ್ರಾಕ್ಸಿಲ್. ಗಿಡ ಆ ಒಂದು ಆಮ್ಲಜನಕವನ್ನು ಸರಿಯಾದ ಜಾಗಕ್ಕೆ ಕೂರಿಸಿ ಕೊಡುತ್ತದೆ. ನಾವು ಕೊಡಲಿ ಹಿಡಿದು ನಿಂತವರು ಅಷ್ಟೆ.

ಕಾಸ್ಟಿಕ್ ಸೋಡಾ ಹಾಕಿ ಸುಮಾರು 270 ಡಿಗ್ರಿಗೆ ಕಾಯಿಸಿದರೆ ಹತ್ತು ಮತ್ತು ಹನ್ನೊಂದರ ನಡುವೆ ಮುರಿಯುತ್ತದೆ. ಹತ್ತು ಇಂಗಾಲದ ತುಂಡು ಸೆಬಾಸಿಕ್ ಆಮ್ಲ. ಹಲ್ಲುಜ್ಜುವ ಬ್ರಷ್ಷಿನ ನೈಲಾನ್ ಎಳೆ, ಪ್ಲಾಸ್ಟಿಕ್ ಮೆದುಗೊಳಿಸುವ ದ್ರವ ಎಲ್ಲ ಅದರಿಂದ. ಎಂಟರ ತುಂಡು ಆಕ್ಟನಾಲ್. ಅದೇ ಎಣ್ಣೆಯನ್ನು ಮೀಥೈಲ್ ಎಸ್ಟರ್ ಮಾಡಿ, ಕಾಸ್ಟಿಕ್ ಇಲ್ಲದೆ 500 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಮುರಿತ ಒಂದು ಗೆಣ್ಣು ಆಚೆ ಸರಿಯುತ್ತದೆ, ಹನ್ನೊಂದು ಮತ್ತು ಏಳು. ಹನ್ನೊಂದರಿಂದ ಹುಳುಕಡ್ಡಿಯ ಮುಲಾಮು, ನೈಲಾನ್-11. ಫ್ರಾನ್ಸಿನ ಮಾರ್ಸೇ ಊರಿನಲ್ಲಿ ಆ ನೈಲಾನಿನ ಮೂಲವಸ್ತುವನ್ನು ದಶಕಗಳಿಂದ ಮಾಡುತ್ತಿದ್ದಾರೆ. ಏಳರ ತುಂಡು ಹೆಪ್ಟಾಲ್ಡಿಹೈಡ್; ಅದನ್ನು ಬೆನ್ಜಾಲ್ಡಿಹೈಡ್ ಜೊತೆ ಕೂಡಿಸಿದರೆ ಮಲ್ಲಿಗೆ ವಾಸನೆಯ ಅಮೈಲ್ ಸಿನಮಾಲ್ಡಿಹೈಡ್. ಸಾಬೂನಿನಲ್ಲಿ, ಅಗರಬತ್ತಿಯಲ್ಲಿ ಮಲ್ಲಿಗೆ ಘಮ್ಮೆಂದರೆ ಅದು ಮೊದಲು ಹರಳೆಣ್ಣೆ ಆಗಿದ್ದಿರಬಹುದು. ಇದನ್ನು ಹೇಳಿದಾಗ ಹುಡುಗಿ ನಂಬಲಿಲ್ಲ.

ಫೆಬ್ರವರಿ 27, ಗುರುವಾರ. ಬೆಳಗಿನ 6

ಶಿವರಾತ್ರಿಯ ಜಾಗರಣೆ ಪ್ಲಾಂಟಿನಲ್ಲೇ ಆಯಿತು. ರಾತ್ರಿ ಒಂದೂವರೆಗೆ ಥರ್ಮಿಕ್ ಫ್ಲೂಯಿಡ್ ಹೀಟರ್ ಕೈಕೊಟ್ಟಿತು. ಕೆಟಲ್ 210ರಲ್ಲಿ ನಿಂತುಬಿಟ್ಟಿತು. ಮೀಟರ್ ನೋಡುವ ಮೊದಲೇ ಆಪರೇಟರ್ ಕಾಕಾ ಮೂಗು ಅರಳಿಸಿ, “ಸಾಹೇಬ್, ಇವತ್ತು ಹಣ್ಣಿನ ವಾಸನೆ” ಎಂದರು. ನಿಜ. ದಿನಾ ಬರುವುದು ಆಕ್ಟನಾಲಿನ ಭಾರವಾದ, ಗಂಟಲಿಗೆ ಅಂಟುವ ನಾತ. ಈಗ ಕಳಿತ ಸೇಬಿನ ಹಾಗೆ ಏನೋ. ಬಿಸಿ ಕಡಿಮೆಯಾದರೆ ಕ್ರಿಯೆ ಅರ್ಧದಾರಿಯಲ್ಲಿ ಬೇರೆ ಕಡೆ ತಿರುಗುತ್ತದೆ; ಆಲ್ಕೋಹಾಲಿನ ಬದಲು ಆಕ್ಟನೋನ್, ಸೆಬಾಸಿಕ್ ಬದಲು ಹೈಡ್ರಾಕ್ಸಿ ಡೆಕನಾಯಿಕ್ ಆಮ್ಲ. ಕಾಕಾ ಓದಿದ್ದು ಏಳನೇ ಕ್ಲಾಸು. ಅವರ ಮೂಗಿಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಒಂದು ಇಲ್ಲ.

ಮತ್ತೆ ಬಿಸಿ ಏರಿಸುವಾಗ ಭಯ ಹೈಡ್ರೋಜನ್ನಿನದು. ಲೆಕ್ಕದಲ್ಲಿ 298 ಗ್ರಾಮ್ ಆಮ್ಲಕ್ಕೆ ಎರಡೇ ಗ್ರಾಮ್ ಹೊರಡುತ್ತದೆ, ಆದರೆ ಆ ಎರಡು ಗ್ರಾಮ್ ಅಂದರೆ ಇಪ್ಪತ್ತನಾಲ್ಕು ಲೀಟರ್ ಅನಿಲ. ನಿಧಾನಕ್ಕೆ ಏರಿಸಿದೆವು. ನೊರೆ ಉಕ್ಕಲಿಲ್ಲ. ಬ್ಯಾಚು ಉಳಿಯಿತೋ ಇಲ್ಲವೋ ಮಧ್ಯಾಹ್ನ ತಿಳಿಯುತ್ತದೆ. ಈಗ ನಿದ್ದೆ.

ಮಾರ್ಚ್ 6, ಗುರುವಾರ

ವಿದೇಶಿ ಖರೀದಿದಾರರು ಬಂದಿದ್ದರು. ಸ್ಲೈಡುಗಳಲ್ಲಿ ಹಸಿರು ಎಲೆ, ರೈತನ ಅಂಗೈಯಲ್ಲಿ ಹರಳು ಬೀಜ. ಪೆಟ್ರೋಲಿಯಂ ಇಲ್ಲ, ಪೂರ್ತಿ ಸಸ್ಯಮೂಲ ಎಂದು ನಮ್ಮವರು ಹೇಳುತ್ತಿದ್ದರು. ಸುಳ್ಳೇನಲ್ಲ. ಸೆಬಾಸಿಕ್ ಆಮ್ಲದ ಒಂದೊಂದು ಇಂಗಾಲವೂ ಹೊಲದ ಗಾಳಿಯಿಂದ ಬಂದದ್ದೇ.

ಕೂತಲ್ಲೇ ಪ್ಯಾಡಿನ ಮೂಲೆಯಲ್ಲಿ ಲೆಕ್ಕ ಹಾಕಿದೆ. 202 ಕಿಲೋ ಸೆಬಾಸಿಕ್ ಆಮ್ಲಕ್ಕೆ ಕನಿಷ್ಠ 80 ಕಿಲೋ ಕಾಸ್ಟಿಕ್ ಬೇಕು. ಕೆಲಸ ಮುಗಿದ ಮೇಲೆ ಆ ಕಾಸ್ಟಿಕ್ಕನ್ನು ತಟಸ್ಥಗೊಳಿಸಲು 98 ಕಿಲೋ ಸಲ್ಫ್ಯೂರಿಕ್ ಆಮ್ಲ. ಎರಡೂ ಸೇರಿ 142 ಕಿಲೋ ಸೋಡಿಯಂ ಸಲ್ಫೇಟ್ ನೀರಿಗೆ ಹೋಗುತ್ತದೆ. ಇದು ಪುಸ್ತಕದ ಲೆಕ್ಕ. ಕಾಸ್ಟಿಕ್ ಯಾವತ್ತೂ ಹೆಚ್ಚೇ ಹಾಕುವುದು, ಹಾಗಾಗಿ ಉಪ್ಪೂ ಹೆಚ್ಚು. ಕೆಟಲಿನಲ್ಲಿ ಗಂಜಿ ಗಟ್ಟಿಯಾಗದಿರಲಿ ಎಂದು ಸೇರಿಸುವ ಫೀನಾಲಿನ ಕುರುಹು ಅದರ ಮೇಲೆ. ನೀರು ಶುದ್ಧಿ ಘಟಕದವರನ್ನು ಕೇಳಿದರೆ ಹಸಿರಿನ ಕಥೆ ಬೇರೆ ಥರ ಹೇಳುತ್ತಾರೆ. ಅವರನ್ನು ಮೀಟಿಂಗಿಗೆ ಕರೆದಿರಲಿಲ್ಲ.

ಹಾಗಂತ ಪೆಟ್ರೋಲಿಯಂ ದಾರಿಯೇ ಮೇಲು ಅನ್ನುವವನಲ್ಲ ನಾನು. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಹರಳಿನ ಮೇಣ ಮಾಡುವ ಪಕ್ಕದ ಶೆಡ್ ನೋಡಿ: ನಿಕ್ಕಲ್ ಕ್ಯಾಟಲಿಸ್ಟ್ ಸೋಸಿದರೆ ಮುಗಿಯಿತು, ಉಪ್ಪಿಲ್ಲ, ಹೆಚ್ಚು ನೀರಿಲ್ಲ. ಆ ಮೇಣ ಬಿಡಿಸಿ ಬಂದ ಆಮ್ಲ ಬೇರಿಂಗುಗಳ ಲಿಥಿಯಂ ಗ್ರೀಸಿಗೆ ಹೋಗುತ್ತದೆ. ಅಜ್ಜನ ಗಾಡಿಯ ಕೀಲಿನ ಕೆಲಸವೇ. ಬೀಜ ಒಂದೇ, ಅದರ ಪುಣ್ಯ ಪಾಪ ಶೆಡ್ಡಿನಿಂದ ಶೆಡ್ಡಿಗೆ ಬೇರೆ.

ಮಾರ್ಚ್ 14, ಶುಕ್ರವಾರ

ಧೂಳೇಟಿ, ಇಲ್ಲಿನ ಬಣ್ಣದ ಹಬ್ಬ. ರಜೆ. ಕಾಲೊನಿಯ ಮಕ್ಕಳು ಬಿಡಲಿಲ್ಲ. ಬಣ್ಣ ಬಿಡಿಸಲು ಎಣ್ಣೆ ಕೇಳಿದರೆ ಪಕ್ಕದ ಮನೆಯಾಕೆ ತಂದುಕೊಟ್ಟದ್ದು ಕೊಬ್ಬರಿ ಎಣ್ಣೆ!

ಮಾರ್ಚ್ 22, ಶನಿವಾರ

ಅವ್ವನ ಪಾರ್ಸಲ್. ಹುರಿಗಡಲೆ ಚಟ್ನಿಪುಡಿ, ರಾಗಿ ಹಿಟ್ಟು, ಹಳೆಯ ಶರಬತ್ತಿನ ಬಾಟಲಿಯಲ್ಲಿ ಹರಳೆಣ್ಣೆ. ಮೆಹಸಾಣಾಕ್ಕೆ ಹರಳೆಣ್ಣೆ! ಯುಗಾದಿಗೆ ತಲೆಗೆ ಹಚ್ಚಿಕೊಳ್ಳಲಂತೆ.

ಅಜ್ಜಿ ಕಲಿಸಿದ ರೀತಿಯಲ್ಲೇ ತೆಗೆದಿದ್ದಾಳೆ. ಬೀಜ ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ್ದನ್ನು ಸೌಟಿನಿಂದ ಬಳಿದು, ಮತ್ತೆ ಕಾಸುವುದು. ಚಿಟಚಿಟ ಸದ್ದು ನಿಂತರೆ ನೀರು ಹೋಯಿತೆಂದು ಅರ್ಥ. ಬೀಜದ ರಿಸಿನ್ ವಿಷ ಪ್ರೋಟೀನು. ಎಣ್ಣೆಗೆ ಇಳಿಯುವುದಿಲ್ಲ, ಕುದಿಗೆ ಸಾಯುತ್ತದೆ.

ಸಂಜೆ ಲ್ಯಾಬ್ ಖಾಲಿಯಿತ್ತು. ಕದ್ದು ಒಂದು ಚೂರು ಸ್ಪಿರಿಟ್ಟಿಗೆ ಹಾಕಿದೆ. ಬೇರೆ ಎಣ್ಣೆ ಕರಗದ ಕಡೆ ಇದು ಸಲೀಸಾಗಿ ಕರಗುತ್ತದೆ, ಅದೂ ಆ ಹೈಡ್ರಾಕ್ಸಿಲಿನ ಗುಣ. ಆಸಿಡ್ ವ್ಯಾಲ್ಯೂ 1.4. ಮತ್ತೊಮ್ಮೆ ಟೈಟ್ರೇಟ್ ಮಾಡಿದೆ, ಅಷ್ಟೇ. ಹುರಿದಾಗ ಬೀಜದೊಳಗಿನ ಎಣ್ಣೆ ಒಡೆಯುವ ಕಿಣ್ವ ಸತ್ತಿದೆ, ಅದಕ್ಕೇ. ಮೊನ್ನೆ ವಾಪಸ್ ಹೋದ ಎರಡು ಟ್ಯಾಂಕರಿಗಿಂತ ಮೇಲು. ಬಣ್ಣ ಮಾತ್ರ ಬೆಲ್ಲದ ಪಾಕ, ಜೊತೆಗೆ ಹೊಗೆಯ ವಾಸನೆ.

ಮಾರ್ಚ್ 30, ಭಾನುವಾರ. ಯುಗಾದಿ

ಬೇವು ಕಾಂಪೌಂಡಿನಲ್ಲೇ ಸಿಕ್ಕಿತು. ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ತಟ್ಟಿಕೊಂಡು ಕೂತಾಗ ಅವ್ವನ ಫೋನು. ಟೆಸ್ಟ್ ಮಾಡಿದ್ದನ್ನು ಬಾಯಿ ತಪ್ಪಿ ಹೇಳಿದೆ.

“ಪಾಸಾಯ್ತಾ?”

“ಎಲ್ಲ ಪಾಸು, ಬಣ್ಣದಲ್ಲಿ ಫೇಲು ಕಣವ್ವ.”

“ಹಂಗಾದ್ರೆ ವಾಪಸ್ ಕಳ್ಸು,” ಅಂದಳು. ಎಣ್ಣೆ ಆಗಲೇ ಕಿವಿಯ ಹಿಂದೆ ಇಳಿಯುತ್ತಿತ್ತು.