ಎಷ್ಟು ತಾಸಿನ ಹಾದಿ

ಪಂಚಮಿಗೆ ಮುಂಚೆಯೇ ತಂಗಿಯನ್ನು ಹೊಳೆಯ ನಡುವಿನ ಗಡ್ಡಿಯಲ್ಲಿದ್ದ ಗಂಡನ ಮನೆಯಿಂದ ಮಸ್ಕಿಗೆ ಕರೆತರಬೇಕಿತ್ತು. ಆಕೆಗೆ ಒಂಬತ್ತನೆಯ ತಿಂಗಳು ನಡೆದಿತ್ತು. ಬೆಂಗಳೂರಿನ ಕಟ್ಟಡದ ಕೆಲಸ ಬಿಟ್ಟು ಬರಲಾಗದೆ ನಾನು ಒಂದು ವಾರ ತಡಮಾಡಿದೆ. ಆ ವಾರದಲ್ಲೇ ಹೊಳೆ ಬಂತು.

2019ರ ಆಗಸ್ಟ್. ರಾತ್ರಿ ಬಸ್ಸು ನಸುಕಿನಲ್ಲಿ ಸಿಂಧನೂರು ಮುಟ್ಟಿದಾಗ ಅವ್ವನ ಫೋನು. “ಗಡ್ಡಿಗೆ ಹೋಗೂ ಶೀಲಹಳ್ಳಿ ಬ್ರಿಜ್ ಮುಳುಗೇತಂತ. ನೀ ಮಸ್ಕ್ಯಾಗ ಇಳೀಬ್ಯಾಡ, ಹಂಗೇ ಲಿಂಗಸುಗೂರಿಗೆ ಹೋಗು.” ಸಿಂಧನೂರಿನಿಂದ ಮಸ್ಕಿ ಸುಮಾರು 30 ಕಿಲೋಮೀಟರ್, ಅಲ್ಲಿಂದ ಲಿಂಗಸುಗೂರು ಹೆಚ್ಚೂಕಡಿಮೆ ಅಷ್ಟೇ. ಎರಡು ತಾಸಿನೊಳಗಿನ ಹಾದಿ. ಮಸ್ಕಿ ಸ್ಟ್ಯಾಂಡಿನಲ್ಲಿ ಅವ್ವ ಕಿಟಕಿಯಿಂದಲೇ ಬುತ್ತಿ ಕೊಟ್ಟಳು: ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಪಂಚಮಿಗೆ ಕಟ್ಟಿದ ಉಂಡಿ.

ಲಿಂಗಸುಗೂರು ದಾಟಿ ಹೊಳೆಯ ಹತ್ತಿರ ಬಂದಾಗ ಮೈಮೇಲೆ ಸುಡುಬಿಸಿಲು. ನಮ್ಮ ಹೊಲದ ತೊಗರಿ ಒಂದು ಹನಿಗೆ ಬಾಯಿಬಿಟ್ಟಿತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದ ಮಳೆ ಆಲಮಟ್ಟಿ ದಾಟಿ, ನಾರಾಯಣಪುರದ ಬಸವಸಾಗರ ದಾಟಿ ಬಂದಿತ್ತು. ಐದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ಬಿಟ್ಟಾರೆಂದು ದಂಡೆಯಲ್ಲಿ ನಿಂತವರು ಹೇಳಿದರು. ಆ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಸೇತುವೆ ಇದ್ದಲ್ಲಿ ಕೆಂಪು ನೀರು ಸುಳಿ ತಿರುಗುತ್ತಿತ್ತು. ಆಚೆಯ ಗಡ್ಡಿಯ ಜಾಲಿಮರಗಳು ಕಣ್ಣಿಗೆ ಕಾಣುತ್ತಿದ್ದವು. ಅಲ್ಲಿ ನನ್ನ ತಂಗಿ.

ಹರಗೋಲು ಹಾಕಲು ಅಂಬಿಗರು ಒಪ್ಪಲಿಲ್ಲ. ಕೈ ಮುಗಿದೆ. “ನಿನ್ನೂ ಕಳಕೊಂಡ್ರ ನಿಮ್ಮವ್ವಗ ಏನಂತ ಹೇಳೂಣು?” ಅಂದರು ಒಬ್ಬ ಹಿರಿಯರು. ಸುತ್ತುಬಳಸಿ ಹೋದರೂ ಮುಟ್ಟುತ್ತೀಯೆಂದು ಯಾರೂ ಖಾತ್ರಿ ಕೊಡಲಿಲ್ಲ. ಗಡ್ಡಿಯಲ್ಲಿ ಕರೆಂಟು ಹೋಗಿತ್ತು. ಭಾವನ ಫೋನು ಸತ್ತುಹೋಗಿತ್ತು.

ಮೂರನೆಯ ದಿನ ಯಾರದೋ ಮೊಬೈಲಿನಲ್ಲಿ ಸುದ್ದಿ ನೋಡಿದೆವು. ತುಂಗಭದ್ರೆಯ ವಿರೂಪಾಪುರ ಗಡ್ಡಿಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ಎತ್ತಿಕೊಂಡು ಹೋಗುತ್ತಿತ್ತು. ಅವರು ಉಳಿದದ್ದಕ್ಕೆ ಮನಸಾರೆ ಸಂತೋಷಪಟ್ಟೆ. ಅದೂ ಗಡ್ಡಿ, ಇದೂ ಗಡ್ಡಿ. ಅಲ್ಲಿಂದ ಇಲ್ಲಿಗೆ ನೆಟ್ಟಗೆ ಹಾರಿದರೆ ನೂರು ಕಿಲೋಮೀಟರ್ ಆದೀತು. ಹೆಲಿಕಾಪ್ಟರಿಗೆ ಅರ್ಧ ತಾಸು. ಆ ದಿನವೆಲ್ಲ ತೆಂಕಣ ಆಕಾಶ ನೋಡುತ್ತ ಕುಳಿತೆ. ಯಾರಿಗೆ ಫೋನ್ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಮಾಡಿದ ಕಡೆ “ನೋಡ್ತೀವಿ” ಅಂದರು.

ಮರುದಿನ ನಸುಕಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ. ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿ ಚಾರ್ಜ್ ಮಾಡಿದ ಫೋನಂತೆ. ಭಾವ ಮೊದಲು ಮಾತಾಡಲಿಲ್ಲ, ಕೂಸಿನ ಅಳು ಕೇಳಿಸಿದ. ಓಣಿಯ ಮುದುಕಿಯೊಬ್ಬಳು ಲಾಟೀನು ಬೆಳಕಿನಲ್ಲಿ ಹೆರಿಗೆ ಮಾಡಿಸಿದ್ದಳು. “ಆಕಿ?” ಎಂದೆ. “ಭಾಳ ರಕ್ತ ಹೋಗೇತಿ. ಕಣ್ಣು ಬಿಟ್ಟಾಳ.” ಅಷ್ಟರಲ್ಲಿ ಫೋನು ಕಟ್ಟಾಯಿತು.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ ಹೇಳಲಾರೆ. ದಂಡೆಯಲ್ಲಿ ಕಲ್ಲೊಂದನ್ನು ಗುರುತಿಟ್ಟುಕೊಂಡಿದ್ದೆ. ನೀರು ಅದನ್ನು ಬಿಟ್ಟು ಕೆಳಗಿಳಿಯಿತೇ ಎಂದು ನೋಡುವುದೇ ಕೆಲಸ.

ಸೇತುವೆ ಮೇಲೆದ್ದ ದಿನ ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ. ಕೆಲವೇ ನಿಮಿಷ. ತಂಗಿ ಗೋಡೆಗೆ ಒರಗಿ ಕುಳಿತಿದ್ದಳು, ಮುಖ ಸುಣ್ಣದಂತೆ ಬಿಳಿಚಿತ್ತು. ಬುತ್ತಿಯ ಗಂಟು ಬಿಚ್ಚಿದೆ. ರೊಟ್ಟಿ ಬೂಸಲು ಹಿಡಿದಿದ್ದವು, ಉಂಡಿ ಕೆಟ್ಟಿರಲಿಲ್ಲ. ಒಂದನ್ನು ಮುರಿದು ಅವಳ ಬಾಯಿಗಿಟ್ಟೆ.

“ಪಂಚಮಿ ಆಗಿ ಎಷ್ಟು ದಿನ ಆತಣ್ಣ?” ಎಂದು ಕೇಳಿದಳು.