ಬಾಲ್ಯದ ಕಳ್ಳ, ಪ್ರಾಯದ ಕಳ್ಳ

ಬಿಜ್ಜರಗಿಯ ನಮ್ಮ ತೋಟದ ಮನೆಯಲ್ಲಿ ಸಂಜೆ ಬಲ್ಬು ಹತ್ತಿದ್ದೇ ತಡ, ಗೋಡೆಯ ಮೇಲೆ ಪತಂಗಗಳ ಸಂತೆ. ಅದರಲ್ಲೊಂದು ಹೆಬ್ಬೆರಳ ಉಗುರಿನಷ್ಟು, ಮಣ್ಣುಬಣ್ಣದ್ದು. ರಾತ್ರಿ ಹೂವಿನ ಮಕರಂದ ಹೀರಿ ಬದುಕುವ ಬಡಪಾಯಿ. ಓಡಿಸಲು ಮನಸ್ಸಾಗದಷ್ಟು ಸಾಧು.

ಆದರೆ ಇದರ ಬಾಲ್ಯ ನಮಗೆ ಗೊತ್ತು. ಇದು ತೊಗರಿಯ ಕಾಯಿಕೊರಕ. ತಾಯಿ ಪತಂಗ ಮೊಗ್ಗು, ಹೂವುಗಳ ಮೇಲೆ ಒಂದೊಂದೇ ತತ್ತಿಯಂತೆ ನೂರಾರು ಇಟ್ಟು ಹೋಗುತ್ತದೆ. ಕೀಡಿ ಬಲಿತಂತೆ ಕಾಯಿಗೆ ತೂತು ಕೊರೆದು, ತಲೆ ಒಳಗೆ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಉಣ್ಣುತ್ತದೆ. ತೊಗರಿ ಮುಗಿದರೆ ಕಡಲೆ, ಹತ್ತಿ. ಚಿಕ್ಕವನಿದ್ದಾಗ ಅವ್ವ ಸಾಲಿನಲ್ಲಿ ಹಳೆ ಸೀರೆ ಹಾಸಿ, ಗಿಡ ಬಗ್ಗಿಸಿ ಅಲ್ಲಾಡಿಸುತ್ತಿದ್ದಳು. ಹಸಿರು ಕೀಡಿಗಳು ಸೀರೆಯ ತುಂಬ ಉದುರುತ್ತಿದ್ದವು.

ಇನ್ನೊಂದು ಸಿಕ್ಕಿದ್ದು ದಾಳಿಂಬೆ ತೋಟದಲ್ಲಿ, ಬ್ಯಾಟರಿ ಬೆಳಕಿಗೆ. ಅಂಗೈ ಅಗಲದ ಪತಂಗ. ರೆಕ್ಕೆ ಮಡಿಚಿದರೆ ಥೇಟು ಒಣಗಿದ ಎಲೆ. ಬಿಚ್ಚಿದರೆ ಒಳಗೆ ಕರಿ ಅಂಚಿನ ಅರಿಸಿನ ಬಣ್ಣ. ಹಣ್ಣಿನ ಮೇಲೆ ಕೂತು ಸೊಂಡಿಲು ಒಳಗಿಳಿಸಿತ್ತು. ಬೇರೆ ಪತಂಗಗಳಿಗೆ ಸೊಂಡಿಲು ಮೆತ್ತನೆಯ ನಳಿಗೆ. ಇದಕ್ಕೆ ತುದಿಯಲ್ಲಿ ಮುಳ್ಳುಗಳಿರುವ ದಬ್ಬಣ. ಕುಡಿದ ರಸ ಅಷ್ಟಕ್ಕಷ್ಟೇ. ಆ ತೂತಿನಿಂದ ಕೊಳೆ ಹತ್ತಿ ಹಣ್ಣು ಉದುರುವುದೇ ನಷ್ಟ.

ಇದರ ಬಾಲ್ಯ ಮಾತ್ರ ನಿಷ್ಪಾಪಿ. ಮೈಮೇಲೆ ಕಣ್ಣಿನಂಥ ಚುಕ್ಕೆ ಹೊತ್ತ ಕೀಡಿ ಬೇಲಿಯ ಅಮೃತಬಳ್ಳಿ, ದಾಗಡಿಬಳ್ಳಿಯ ಎಲೆ ತಿಂದುಕೊಂಡಿರುತ್ತದೆ. ಹೊಲದ ಬೆಳೆ ಮುಟ್ಟುವುದಿಲ್ಲ. ಅಂದರೆ ಒಂದು ಕದ್ದು ಉಂಡು ಬೆಳೆದು ಸಾಧುವಾಗುತ್ತದೆ. ಇನ್ನೊಂದು ಸಾಧುವಾಗಿ ಬೆಳೆದು, ರೆಕ್ಕೆ ಬಂದಮೇಲೆ ಕಳ್ಳತನಕ್ಕೆ ಇಳಿಯುತ್ತದೆ. ನಮ್ಮ ಓಣಿಯಲ್ಲೂ ಇಂಥ ಎರಡೂ ಥರದವರಿದ್ದಾರೆ. ಹೆಸರು ಬೇಡ.

ತೋಟದ ಸುತ್ತಲಿನ ಅಮೃತಬಳ್ಳಿ ಕಿತ್ತರೆ ದೊಡ್ಡ ಪತಂಗದ ತೊಟ್ಟಿಲೇ ಇರುವುದಿಲ್ಲ ಎಂದು ಕುಡಗೋಲು ಹಿಡಿದು ಹೊರಟೆ. ಅವ್ವ ಅಡ್ಡ ಬಂದಳು.

“ಬಳ್ಳಿ ಕಿತ್ತರ ಜ್ವರಾ ಬಂದಾಗ ಕಷಾಯಕ್ಕ ಏನ್ ಹಾಕ್ಲಿ, ತಮ್ಮಾ?”

“ಹಂಗಾರ ಹಣ್ಣು?”

“ಹಣ್ಣಿಗೆ ಅಂಗಿ ತೊಡಸು.”

ಈಗ ನಮ್ಮ ದಾಳಿಂಬೆಗಳು ಕಾಗದದ ಚೀಲ ತೊಟ್ಟು ಸಾಲಾಗಿ ನಿಂತಿವೆ. ಬೇಲಿಯಲ್ಲಿ ಬಳ್ಳಿ ಹಾಗೇ ಇದೆ. ಎಲೆಗಳಲ್ಲಿ ಅಲ್ಲಲ್ಲಿ ತೂತು. ಮೊನ್ನೆ ಜ್ವರ ಬಂದಾಗ ಅದೇ ಬಳ್ಳಿಯ ಕಹಿ ಕುಡಿದೆ, ಕೀಡಿ ಬಿಟ್ಟ ಪಾಲು.